ಮೊದಲ ಸುತ್ತಿಗೂ ಮೊದಲು

ಭಾನುವಾರ. ದಾವಣಗೆರೆಯ ನಮ್ಮ ಭಟ್ಟಿ
ಬೆಳಗಿನ ಮೂರಕ್ಕೇ ಹೊತ್ತಿದೆ.
ಒಂಬತ್ತೂವರೆಗೆ, ಇನ್ನೊಂದು ಬಾಣಲೆ ಮರಳು ಕಾಯುವಾಗ,
ಜಬೀವುಲ್ಲಾ ಫೋನನ್ನು ಮಂಡಕ್ಕಿ ಚೀಲಕ್ಕೆ ಆನಿಸಿ ನಿಲ್ಲಿಸಿದ.
ಚೀಲ ಮೆತ್ತಗೆ ಕುಸಿಯಿತು.
ನನ್ನ ಲೆಕ್ಕದ ಪುಸ್ತಕ ಕಸಿದು ಒತ್ತುಕೊಟ್ಟ.
ಈಗ ನೆಟ್ಟಗೆ ನಿಂತಿತು
ಸಮುದ್ರದಾಚೆಯ ಒಂದು ಊರು,
ಅಲ್ಲಿಯ ಮಳೆ.

ಡಿಸೆಂಬರಿನಲ್ಲಿ ಮುಗಿದದ್ದು. ಆಮೇಲೆ ಬರೀ ಗಾಳಿಮಾತು:
ಹೊಸ ರೆಕ್ಕೆಯಂತೆ, ಹೊಸ ಬಣ್ಣವಂತೆ,
ನಮ್ಮೋನಿಗೆ ಈ ಸಲ ಒಳ್ಳೆ ಗಾಡಿಯಂತೆ.

ನಮ್ಮೋನು ಅಂದರೆ ನಲವತ್ತೊಂದನೇ ನಂಬರು.
ಅವನ ದೇಶ ಯಾವುದೆಂದು ಕೊಟ್ರೇಶನಿಗೆ ಇವತ್ತಿಗೂ ಗೊತ್ತಿಲ್ಲ.
ಹೋದ ವರ್ಷ ಒಮ್ಮೆ ಕಟ್ಟಕಡೆಗೆ ಬಂದು
ಗೆದ್ದವನ ಹಾಗೆ ಕೈ ಬೀಸಿದ್ದ.
ಅಷ್ಟಕ್ಕೇ ನಮ್ಮೋನಾದ.

ಲಗೇಜ್ ಆಟೋ ಅಡ್ಡ ನಿಲ್ಲಿಸಿ ಕೊಟ್ರೇಶ ಬಂದ.
ಹಳೇ ಟಯರಿನ ಚಮನ್‌ಸಾಬ್ ಬಂದ.
ಎದುರು ಭಟ್ಟಿಯವರಿಬ್ಬರು ಜರಡಿ ಹಿಡಿದೇ ಬಂದರು.
"ನೀರು ನಿಂತೈತಲ್ಲೋ ರೋಡಿನ ಮ್ಯಾಲೆ."
"ನಿಲ್ಲಲಿ ಬಿಡು, ನಮ್ಮೋನು ಮಳ್ಯಾಗೇ ಹುಟ್ಟಿದೋನು."

ಇನ್ನೂ ರೇಸು ಶುರುವಾಗಿರಲಿಲ್ಲ.
ಟಯರು ಬೆಚ್ಚಗಾಗಲೆಂದು ಸುಮ್ಮನೆ ಒಂದು ಸುತ್ತು,
ಮಂಟಪಕ್ಕೆ ಬರುವ ಮುಂಚೆ ಮದುಮಗ
ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡ ಹಾಗೆ.
ಎರಡನೇ ತಿರುವಿನಲ್ಲಿ ನೀಲಿ ಗಾಡಿ
ಬಾಲ ಮುಂದಾಗಿ ತಿರುಗಿ
ಗೋಡೆಗೆ ಹೋಗಿ ಒರಗಿತು.

ಯಾರೂ ಏನೂ ಅನ್ನಲಿಲ್ಲ.
ಮರಳಿನಲ್ಲಿ ಅಕ್ಕಿ ಸಿಡಿಯುವ ಸದ್ದು.

ಆಮೇಲೆ ಎಲ್ಲರೂ ಒಟ್ಟಿಗೇ.
ಗಾಡಿ ಸರಿಯಿಲ್ಲ. ರೋಡು ಸರಿಯಿಲ್ಲ.
ಬಿಳಿ ಗೆರೆ ಮೇಲೆ ಚಕ್ರ ಇಟ್ಟ, ಬಿಳಿ ಗೆರೆ ಜಾರತೈತಿ,
ಹರಿಹರ ರೋಡಿನಾಗೆ ನಂದೂ ಹಂಗೇ ಆಗಿತ್ತು
ಎಂದು ಕೊಟ್ರೇಶ ಮೊಣಕಾಲು ತೋರಿಸಲು ಪ್ಯಾಂಟು ಮಡಚತೊಡಗಿದ.
ಎದುರು ಭಟ್ಟಿಯವನೊಬ್ಬ ನಕ್ಕ. ಅವನದು ಕೆಂಪು ಗಾಡಿ.
ಉಗಾದಿವರೆಗೆ ಅವನ ಜೊತೆ ಮಾತಿಲ್ಲ ಎಂದು
ಜಬೀವುಲ್ಲಾ ಅಲ್ಲೇ ಸಾರಿದ.

ಚಮನ್‌ಸಾಬನದು ಬೇರೆ ಸಂಕಟ.
"ಇಪ್ಪತ್ತು ಸುತ್ತಿಗೆ ಟಯರು ಬಿಚ್ಚಿ ಒಗೀತಾರಲ್ಲೋ!
ಎಲ್ಲಿ ಹಾಕ್ತಾರೆ? ಯಾರಿಗೆ ಮಾರ್ತಾರೆ?"
ಒಂದು ಕಾಲಕ್ಕೆ ಈ ಓಣಿಯ ಒಲೆಗೆಲ್ಲ ಅವನದೇ ಟಯರು.
ಒಣಹಾಕಿದ ಬಟ್ಟೆಯೂ ಮಸಿ, ಕೂಸಿನ ಮೂಗೂ ಮಸಿ.
ಆಫೀಸರು ಬಂದು ಬೀಗ ತೋರಿಸಿದ ಮೇಲೆ
ಈಗ ಉರಿಯುವುದು ಭತ್ತದ ಹೊಟ್ಟು.
ಪರದೆಯಲ್ಲಿ ಎರಡೇ ಸೆಕೆಂಡು, ನಾಲ್ಕೂ ಟಯರು ಬದಲು.
ಅವನ ತುಟಿ ಎಣಿಸಿ ಮುಗಿಸಿತ್ತು:
"ಒಂದು ಹಗಲಿನ ಉರಿ."

ಖೈರುನ್ಬಿ ಬಾಣಲೆ ಬಿಟ್ಟು ಏಳಲಿಲ್ಲ.
ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಮ್ಮೆ ತಿರುಗಿದಳು.
ಅದೇ ಹೊತ್ತಿಗೆ ಮತ್ತೆ ತೋರಿಸುತ್ತಿದ್ದರು
ನಮ್ಮೋನು ಬೇಲಿಯ ಪಕ್ಕ ಒಬ್ಬನೇ ನಡೆದು ಬರುವುದನ್ನು.
ಕೈಗವಸು ಬಿಚ್ಚಿದ್ದಾನೆ, ಹೆಲ್ಮೆಟ್ ಬಿಚ್ಚಿಲ್ಲ.
"ಗಾಡಿ ಇಲ್ಲ, ಏನಿಲ್ಲ. ತಲಿಮ್ಯಾಲಿಂದು ಯಾಕೆ ತೆಗೀವಲ್ಲ?"
ನಾವು ಉತ್ತರ ಹುಡುಕುವಷ್ಟರಲ್ಲಿ
"ಅಳ್ತಿರಬೇಕು ಹುಡುಗ" ಎಂದು
ಬಾಣಲೆಯನ್ನು ಜರಡಿಗೆ ಸುರಿದಳು.
ಮರಳು ಕೆಳಗೆ, ಬೆಳ್ಳಗಿನದು ಮೇಲೆ.
"ಕರಕೊಂಡು ಬರಾಕೆ ಯಾರೂ ಹೋಗಲಿಲ್ಲೇನು?"

ಕೆಂಪು ಗಾಡಿಯವನು ಜರಡಿಯ ಅಂಚು ಉಜ್ಜುತ್ತ ನಿಂತ.

ಕೊನೆಯವರೆಗೂ ನೋಡಿದೆವು.
ಯಾರೋ ಗೆದ್ದರು, ಯಾರೋ ಬಾಟಲಿ ಚಿಮ್ಮಿಸಿದರು.
ಪುಸ್ತಕ ನನಗೆ ವಾಪಸು ಬಂತು, ಬೆನ್ನಿಗೆಲ್ಲ ಉಪ್ಪು.
ಕೊನೆಯ ಹಾಳೆಯಲ್ಲಿ ಇಪ್ಪತ್ತನಾಲ್ಕು ಮನೆ ಗೀಚಿಟ್ಟಿದ್ದೆ.
ಮೊದಲನೆಯದರಲ್ಲಿ ಏನು ಬರೆಯಲಿ?
ಸೊನ್ನೆಯಾದರೂ ಓಡಿದವನಿಗೆ.
ಖಾಲಿ ಬಿಟ್ಟೆ.

"ಇನ್ನೂ ಇಪ್ಪತ್ಮೂರು ಅದಾವೆ ತಗಿ" ಎಂದ ಕೊಟ್ರೇಶ,
ಆಟೋಗೆ ಹತ್ತಿದ. ಸ್ಟಾರ್ಟ್ ಆಗಲಿಲ್ಲ.
ಕೆಂಪು ಗಾಡಿಯವನು ಹಿಂದೆ ಹೋಗಿ ತಳ್ಳತೊಡಗಿದ.
ಜಬೀವುಲ್ಲಾ ಹೋಗಲಿಲ್ಲ.
ಸ್ವಲ್ಪ ಹೊತ್ತು ನೋಡಿದ,
ಫೋನು ಜೇಬಿಗಿಟ್ಟ,
ಹೋದ.